ನನ್ನದಲ್ಲದ ತಪ್ಪಿಗೆ ಹಾಕಿದ ಸಹಿ

ದೂರು ಬಂದದ್ದು ಒಂದು ಮಂಗಳವಾರ, ನೈರೋಬಿಯ ನ್ಗಾರಾ ಬಡಾವಣೆಯ ಸಗಟು ಔಷಧ ಅಂಗಡಿಯೊಂದರಿಂದ. ರಕ್ತದೊತ್ತಡದ ಮಾತ್ರೆಯ ಮೂರು ಡಬ್ಬಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲದ ಬಾಯಿಗೆ ಸ್ಟೇಪ್ಲರ್ ಹೊಡೆದು ಕಳಿಸಿದ್ದರು. ಡಬ್ಬಿಯ ಮೇಲೆ ಐದು ಮಿಲಿಗ್ರಾಂ ಎಂದು ಅಚ್ಚಾಗಿತ್ತು. ಒಳಗಿದ್ದ ಸ್ಟ್ರಿಪ್ಪುಗಳ ಮೇಲೆ ಹತ್ತು ಎಂದಿತ್ತು. ಮಾತ್ರೆ ನುಂಗಿದ ಮುದುಕಿಯೊಬ್ಬಳಿಗೆ ಎರಡು ದಿನ ತಲೆ ಸುತ್ತಿ, ಅವಳ ಮಗಳು ಡಬ್ಬಿಯನ್ನೂ ಸ್ಟ್ರಿಪ್ಪನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದರಿಂದ ಗೊತ್ತಾಯಿತಂತೆ.

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ, ಆ ಮಾತ್ರೆ ತಯಾರಿಸುವ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ವಿಭಾಗದ ಗುಣಮಟ್ಟ ಪರೀಕ್ಷಕ. ದೂರು ಬಂದರೆ ಕಾರಣ ಹುಡುಕಿ ವರದಿ ಬರೆಯುವುದೂ ನನ್ನದೇ ಕೆಲಸ. ಬ್ಯಾಚ್ ನಂಬರ್ ಹಿಡಿದು ಕಡತ ತೆಗೆದೆ. ಪ್ಯಾಕ್ ಆದ ದಿನಾಂಕ ನೋಡಿದೆ. ನನ್ನ ಹೆಂಡತಿಯನ್ನು ಮಣ್ಣು ಮಾಡಿದ ಹತ್ತೊಂಬತ್ತನೆಯ ದಿನ ಅದು.

ಹೊಟ್ಟೆಯಲ್ಲಿ ಗಡ್ಡೆ. ಹರ್ಲಿಂಗ್‌ಹ್ಯಾಮ್‌ನ ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡಿಸಿದಾಗಲೇ ಅದು ಎಲ್ಲ ಕಡೆ ಹರಡಿತ್ತು. ಅಲ್ಲಿಂದ ಏಳು ವಾರ ಇದ್ದಳು. ನಮಗೆ ಮಕ್ಕಳಿಲ್ಲ.

ಒಂದು ಬ್ಯಾಚು ಮುಗಿದು ಇನ್ನೊಂದು ಶುರುವಾಗುವ ಮೊದಲು ಪ್ಯಾಕಿಂಗ್ ಲೈನನ್ನು ಪೂರ್ತಿ ಖಾಲಿ ಮಾಡಬೇಕು. ಹಿಂದಿನ ಬ್ಯಾಚಿನ ಒಂದು ಡಬ್ಬಿ, ಒಂದು ಚೀಟಿ ಕೂಡ ಉಳಿಯಬಾರದು. ಲೈನಿನ ಲೀಡರ್ ಮೊದಲು ಖಾಲಿ ಮಾಡಿ ಸಹಿ ಹಾಕುತ್ತಾಳೆ. ಆಮೇಲೆ ನಾನು ನೋಡಿ ಸಹಿ ಹಾಕುತ್ತೇನೆ. ಪಟ್ಟಿಯಲ್ಲಿ ಹದಿನಾಲ್ಕು ಜಾಗಗಳಿವೆ. ಮೇಜಿನ ಮೇಲೆ, ಮೇಜಿನ ಕೆಳಗೆ, ಕಸದ ಡಬ್ಬ, ಏಪ್ರನ್ನಿನ ಜೇಬು, ಹೀಗೆ. ಪಟ್ಟಿಯಲ್ಲಿ ಇಲ್ಲದ ಹದಿನೈದನೆಯ ಜಾಗವೊಂದನ್ನು ನಾನೇ ಕಂಡುಕೊಂಡಿದ್ದೆ. ಡಬ್ಬಿಗಳನ್ನು ಮುಂದಕ್ಕೆ ಒಯ್ಯುವ ಸಾಗುಪಟ್ಟಿಯ ಅಡಿಯಲ್ಲಿ ಕಬ್ಬಿಣದ ಒಂದು ಅಂಚು ಒಳಕ್ಕೆ ಮಡಚಿಕೊಂಡಿದೆ. ಜಾರಿಬಿದ್ದ ಡಬ್ಬಿ ಅದರ ಮೇಲೆ ಕೂತರೆ ನಿಂತವರಿಗೆ ಕಾಣುವುದಿಲ್ಲ. ಟಾರ್ಚ್ ಹಿಡಿದು ನೆಲದ ಮೇಲೆ ಅಂಗಾತ ಮಲಗಿ, ಕೆಳಗೆ ತೂರಿಕೊಂಡು ನೋಡಬೇಕು. ಪ್ರತಿ ಸಲವೂ ನೋಡುತ್ತೇನೆ. ಹುಡುಗಿಯರು ನಗುತ್ತಾರೆ.

ಈ ಬ್ಯಾಚು ಹತ್ತು ಮಿಲಿಗ್ರಾಂನದ್ದು. ಅದಕ್ಕೂ ಮೊದಲು ಅದೇ ಲೈನಿನಲ್ಲಿ ಐದರದ್ದು ಓಡಿತ್ತು. ಎರಡೂ ಡಬ್ಬಿಗಳು ನೀಲಿ. ಒಂದರ ಪಟ್ಟೆ ಸ್ವಲ್ಪ ದಟ್ಟ, ಅಷ್ಟೇ ವ್ಯತ್ಯಾಸ. ಐದರ ಖಾಲಿ ಡಬ್ಬಿಗಳು ಲೈನಿನಲ್ಲಿ ಉಳಿದಿರಬೇಕು, ಹತ್ತರ ಸ್ಟ್ರಿಪ್ಪು ಅದರೊಳಗೆ ಹೋಗಿರಬೇಕು ಎಂದು ಯಾರಾದರೂ ಹೇಳುತ್ತಾರೆ.

ಆದರೆ ಕಡತದಲ್ಲಿ ಒಂದು ವಿಷಯ ಹೊಂದುತ್ತಿರಲಿಲ್ಲ. ನ್ಗಾರಾದ ಮೂರು ಡಬ್ಬಿಗಳು ಬಂದ ದೊಡ್ಡ ರಟ್ಟಿನ ಪೆಟ್ಟಿಗೆಗೆ ಕ್ರಮಸಂಖ್ಯೆ ಇರುತ್ತದೆ. ಲೈನಿನಲ್ಲಿ ಉಳಿದ ಡಬ್ಬಿಗಳಾಗಿದ್ದರೆ ಅವು ಬೆಳಗಿನ ಮೊದಲ ಪೆಟ್ಟಿಗೆಗಳಲ್ಲಿ ಸೇರಬೇಕಿತ್ತು. ಇದು ಮಧ್ಯಾಹ್ನ, ಬ್ಯಾಚು ಮುಗಿಯುವ ಹೊತ್ತಿನ ಪೆಟ್ಟಿಗೆ. ನಾನು ಆ ಸಂಖ್ಯೆಯನ್ನು ಎರಡು ಸಲ ನೋಡಿದೆ. ಪೆನ್ಸಿಲ್ಲಿನಲ್ಲಿ ಅದರ ಸುತ್ತ ಒಂದು ಗೆರೆ ಎಳೆದೆ. ಆಮೇಲೆ ಅಳಿಸಿದೆ.

ಯಾಕೆ ಅಳಿಸಿದೆ ಎನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಪ್ರೊಡಕ್ಷನ್ ಮ್ಯಾನೇಜರ್ ಮೈಸೂರಿನವರು, ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಒಳ್ಳೆಯ ಮನುಷ್ಯ. ನನ್ನ ಹೆಂಡತಿ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರು. ಹತ್ತು ದಿನ ಅವರ ಮನೆಯಿಂದ ನನಗೆ ಊಟ ಬಂದಿತ್ತು. ದೂರಿನ ಮರುದಿನ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

"ಸರ್, ಮುಂದಿನ ತಿಂಗಳು ಇನ್‌ಸ್ಪೆಕ್ಷನ್ ಇದೆ. ಈ ಫೈಲ್ ಓಪನ್ ಇಟ್ಕೊಂಡು ಅವರ ಮುಂದೆ ಕೂರಕ್ಕಾಗಲ್ಲ. ಲೈನ್ ಕ್ಲಿಯರೆನ್ಸ್‌ನಲ್ಲಿ ಹ್ಯೂಮನ್ ಎರರ್ ಅಂತ ಹಾಕಿ. ರೀಟ್ರೈನಿಂಗ್ ಅಂತ ಹಾಕಿ. ಕ್ಲೋಸ್ ಮಾಡಿ."

"ಕ್ಲಿಯರೆನ್ಸ್ ನಾನ ನೋಡೇನ್ರಿ," ಎಂದೆ.

"ಗೊತ್ತು ಸರ್. ಆದ್ರೆ ಆ ಟೈಮಲ್ಲಿ ನಿಮ್ಮ ಮನಸ್ಸು ಎಲ್ಲಿತ್ತು ಅಂತ ನಮಗೆಲ್ಲ ಗೊತ್ತಲ್ವಾ. ಯಾರೂ ನಿಮ್ಮನ್ನ ಬ್ಲೇಮ್ ಮಾಡಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಡ್ಯೂಟಿಗೇ ಬರ್ತಿರ್ಲಿಲ್ಲ."

ಅವರು ಕರುಣೆಯಿಂದಲೇ ಹೇಳಿದರು. ನಾನು ತಲೆಯಾಡಿಸಿದೆ.

ನಾನು ಬೆಳೆದದ್ದು ಬೆಟಗೇರಿಯ ಮಿಷನ್ ಕಂಪೌಂಡಿನಲ್ಲಿ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನದ ಹಿಂದಿನ ವಾರ ಸಭೆಯ ಹಿರಿಯರೊಬ್ಬರು ಮನೆ ಮನೆಗೆ ಬಂದು, ಯಾರ ಮೇಲೆ ಯಾರಿಗೆ ಮುನಿಸಿದೆ ಎಂದು ಕೇಳುತ್ತಿದ್ದರು. ಜಗಳ ಇದ್ದರೆ ಅದನ್ನು ಮುಗಿಸದೆ ರೊಟ್ಟಿ ಮುಟ್ಟುವಂತಿರಲಿಲ್ಲ. ಮುಗಿಸುವ ದಾರಿ ಎಲ್ಲರಿಗೂ ಗೊತ್ತಿತ್ತು. ಯಾರು ಮೊದಲು 'ನನ್ನದ ತಪ್ಪು' ಅನ್ನುತ್ತಾರೋ ಅವರು ದೊಡ್ಡವರು. ತಪ್ಪು ನಿಜವಾಗಿ ಯಾರದು ಎಂದು ಹಿರಿಯರು ಕೇಳುತ್ತಿರಲಿಲ್ಲ. ನಾನು ಏಳು ವರ್ಷದವನಿದ್ದಾಗ ಪಕ್ಕದ ಮನೆಯ ಕಿಟಕಿಯ ಗಾಜು ಒಡೆದದ್ದನ್ನು ನನ್ನದೆಂದು ಒಪ್ಪಿಕೊಂಡಿದ್ದೆ. ಒಡೆದವನು ನಾನಲ್ಲ. ಹಿರಿಯರು ತಲೆ ಸವರಿ, ಈ ಹುಡುಗನಲ್ಲಿ ಶಿಲುಬೆಗೇರಿದ ಕರ್ತನ ಗುಣ ಇದೆ ಎಂದರು. ಅಪ್ಪ ಆ ಮಾತನ್ನು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ. ಅಂದು ಸಿಕ್ಕ ರುಚಿ ನನ್ನನ್ನು ಬಿಡಲಿಲ್ಲ. ನನ್ನ ಪರವಾಗಿ ಒಂದು ಮಾತಾಡುವುದೂ ಅಹಂಕಾರ ಅಂತ, ನನ್ನ ಮೇಲೆ ತಪ್ಪು ಹಾಕಿಕೊಳ್ಳುವುದು ಭಕ್ತಿ ಅಂತ ನಂಬಿಕೊಂಡೇ ತಲೆ ನೆರೆಯಿತು.

ಹಾಗಾಗಿ ವರದಿಯಲ್ಲಿ ಹೀಗೆ ಬರೆದೆ: 'ಪರೀಕ್ಷಕನ ಲೋಪ. ವೈಯಕ್ತಿಕ ಕಾರಣಗಳಿಂದ ಪರೀಕ್ಷಕನು ಆ ದಿನ ಸಾಗುಪಟ್ಟಿಯ ಅಡಿಭಾಗವನ್ನು ಸರಿಯಾಗಿ ನೋಡಿರಲಿಕ್ಕಿಲ್ಲ.' ಸಹಿ ಹಾಕಿದೆ. ಲೀಡರ್ ಹೆಂಗಸಿನ ಮೇಲೆ ಏನೂ ಬರಬಾರದು, ಎಲ್ಲ ನನ್ನ ಮೇಲಿರಲಿ ಎಂದುಕೊಂಡೆ. ಬಹಳ ದಿನಗಳ ಮೇಲೆ ಎದೆ ಹಗುರವಾದ ಹಾಗಾಯಿತು. ಮ್ಯಾನೇಜರ್ ಓದಿ, "ನಿಮ್ಮಂಥ ದೊಡ್ಡ ಮನಸ್ಸು ಎಲ್ಲರಿಗೂ ಬರಲ್ಲ ಸರ್," ಎಂದು ನನ್ನ ಕೈ ಹಿಡಿದುಕೊಂಡರು. ಅದೇ ಹಳೆಯ ರುಚಿ.

ಶುಕ್ರವಾರ ಲೀಡರನ್ನು ಕೆಲಸದಿಂದ ಅಮಾನತು ಮಾಡಿದರು.

ನನಗೆ ಇದು ಹೊಳೆದಿರಲೇ ಇಲ್ಲ. ಹತ್ತು ವರ್ಷದಿಂದ ಅದೇ ಫಾರಂ ತುಂಬುತ್ತಿರುವವನಿಗೆ ಹೊಳೆಯಲಿಲ್ಲ. ನೋಡುವವನು ನೋಡಲಿಲ್ಲ ಎಂದರೆ ಅಲ್ಲಿ ನೋಡಬೇಕಾದದ್ದೊಂದು ಇತ್ತು ಎಂದಾಯಿತು. ಡಬ್ಬಿ ಉಳಿದಿತ್ತು, ಅದನ್ನು ಉಳಿಸಿದವಳು ಅವಳು. ಸಾವಿನ ಮನೆಯವನೆಂದು ನನಗೆ ಕ್ಷಮೆ ಸಿಕ್ಕಿತು. ಅವಳಿಗೆ ಹಾಗೆ ಯಾವ ಸಾವೂ ಇರಲಿಲ್ಲ.

ಅವಳಿಗೆ ಐವತ್ತು ದಾಟಿದೆ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮಾಮಾ ಎನ್ನುತ್ತಾರೆ. ಇಲ್ಲಿ ಅಮ್ಮ ಎಂದ ಹಾಗೆ. ನನ್ನನ್ನು ಅವಳು ಮ್ಜೇ ಎನ್ನುತ್ತಾಳೆ, ಹಿರಿಯ ಎಂಬ ಅರ್ಥದಲ್ಲಿ, ಒಂದೊಂದು ಸಲ ಅಣಕಕ್ಕೂ. ತನ್ನ ಬಡಾವಣೆಯ ತಗಡಿನ ಚರ್ಚಿನಲ್ಲಿ ಅವಳು ಸಭಾ ಸೇವಕಿ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ. ಅಂದು ಸಂಜೆ ಮಟಾಟು, ಅಂದರೆ ಬಾಡಿಗೆ ವ್ಯಾನು, ಹತ್ತುವ ಜಾಗದಲ್ಲಿ ಅವಳು ನನಗಾಗಿ ಕಾಯುತ್ತಿದ್ದಳು. ಕೈಯಲ್ಲಿ ಪತ್ರ ಇತ್ತು.

"ಮ್ಜೇ, ಇದನ್ನು ಓದು. ಇದರಲ್ಲಿ ನಾನು ಲೈನ್ ಸ್ವಚ್ಛ ಮಾಡಲಿಲ್ಲ ಅಂತ ಇದೆ. ನಾನು ಮಾಡಿದ್ದೆನೋ ಇಲ್ಲವೋ?"

"ನೀನು ಮಾಡಿದ್ದೆ ಅನಿಸುತ್ತದೆ."

"ಅನಿಸುವುದು ಬೇಡ. ನೀನು ಕೆಳಗೆ ತೂರಿಕೊಂಡಿದ್ದೆ. ನಿನ್ನ ಬೂಟಿನ ಅಡಿ ನನ್ನ ಮುಖಕ್ಕಿತ್ತು. ಒಂದು ಬೂಟಿನ ಹಿಮ್ಮಡಿ ಸವೆದಿದೆ, ಹೊಸದು ತಗೋ ಅಂತ ಹೇಳಿದೆ. ನೀನು ಕೆಳಗಿಂದಲೇ 'ಸವಾ, ಸರಿಯಿದೆ, ಖಾಲಿ ಇದೆ' ಅಂದೆ. ನೀನು ನೋಡಿದ್ದನ್ನು ನಾನು ನೋಡಿದ್ದೇನೆ. ನೋಡಲಿಲ್ಲ ಅಂತ ಯಾಕೆ ಬರೆದೆ?"

"ನಿನ್ನನ್ನು ಉಳಿಸುವುದಕ್ಕೆ, ಮಾಮಾ. ತಪ್ಪು ನನ್ನ ಮೇಲೆ ಹಾಕಿಕೊಂಡೆ."

ಮಟಾಟುವಿನವನು "ಹತ್ತಿ, ಹತ್ತಿ" ಎಂದು ಬಾಗಿಲು ಬಡಿಯುತ್ತಿದ್ದ.

"ಬೇರೆಯವರ ಪಾಪ ಹೊರುವುದಕ್ಕೆ ದೇವರು ಆಗಲೇ ಒಬ್ಬನನ್ನು ನೇಮಿಸಿದ್ದಾನೆ," ಎಂದಳು. "ಆ ಹುದ್ದೆ ಖಾಲಿ ಇಲ್ಲ. ನೀನು ಅರ್ಜಿ ಹಾಕಬೇಡ."

ಅವಳು ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಮಾಡಿದ್ದಕ್ಕೆ ಪಶ್ಚಾತ್ತಾಪ ಪಡು. ಮಾಡದೆ ಇದ್ದದ್ದಕ್ಕೆ ಪಶ್ಚಾತ್ತಾಪ ಪಟ್ಟರೆ ಅದು ಸುಳ್ಳುಸಾಕ್ಷಿ. ನಿನ್ನ ಮೇಲೆ ನೀನೇ ಹೇಳಿದರೂ ಸುಳ್ಳುಸಾಕ್ಷಿಯೇ. ನಿನ್ನ ಮೇಲೆ ಹೇಳಿಕೊಂಡೆ, ಬಿದ್ದದ್ದು ನನ್ನ ಮೇಲೆ."

ಬಂದ ಮಟಾಟುವಿಗೆ ಅವಳು ಹತ್ತಿ ಹೋದಳು. ನಾನು ಮೂರು ಬಿಟ್ಟು ನಾಲ್ಕನೆಯದಕ್ಕೆ ಹತ್ತಿದೆ.

ಮರುದಿನ ಶನಿವಾರ. ಆಗ ನಾನು ಹೋಗುತ್ತಿದ್ದ ಚರ್ಚಿನಲ್ಲಿ ಆತ್ಮಗೌರವದ ತರಗತಿ ನಡೆಯುತ್ತಿತ್ತು, ಎಂಟು ಶನಿವಾರ. ಹೆಂಡತಿ ಹೋದ ಮೇಲೆ ನಾನು ಯಾರ ಕಣ್ಣಿಗೂ ಕಣ್ಣು ಕೊಟ್ಟು ಮಾತಾಡುವುದಿಲ್ಲ ಎಂದು ಪಾದ್ರಿಯವರೇ ಹೆಸರು ಬರೆಸಿದ್ದರು. ನಡೆಸುತ್ತಿದ್ದವಳು ಒಬ್ಬ ಚುರುಕಾದ ಯುವತಿ. ಎಲ್ಲರ ಕೈಗೂ ಒಂದೊಂದು ಪುಟ್ಟ ಕನ್ನಡಿ ಕೊಡುತ್ತಿದ್ದಳು. ಅದರಲ್ಲಿ ಮುಖ ನೋಡಿಕೊಂಡು, ನಾನು ದೇವರ ಕೈಕೆಲಸ, ನಾನು ಅಮೂಲ್ಯ ಎಂದು ಮೂರು ಸಲ ಹೇಳಬೇಕು. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಕನ್ನಡಿಯಲ್ಲಿ ನನಗೆ ಕಂಡದ್ದು ಎರಡು ದಿನದ ಗಡ್ಡ. ಅಮೂಲ್ಯ ಎನ್ನುವ ಮಾತು ನನ್ನ ಬಾಯಲ್ಲಿ ಔಷಧದ ಜಾಹೀರಾತಿನ ಹಾಗಿತ್ತು.

ಆ ವಾರ ನಮ್ಮ ಬಗ್ಗೆ ಮೂರು ಒಳ್ಳೆಯ ವಿಷಯ ಬರೆಯಲು ಹೇಳಿದಳು. ಎಲ್ಲರೂ ಬರೆದರು, ದಯಾಳು, ಪ್ರಾಮಾಣಿಕ, ತಾಳ್ಮೆಯುಳ್ಳವನು ಎಂದು. ನನ್ನ ಹಾಳೆಯಲ್ಲಿ ಒಂದೇ ಸಾಲಿತ್ತು: ನಾನು ಹೊತ್ತಿಗೆ ಸರಿಯಾಗಿ ಬರುತ್ತೇನೆ.

"ಅಂಕಲ್, ಇದು ಹಾಜರಿ ಪುಸ್ತಕ ಅಲ್ಲ," ಎಂದು ಪಕ್ಕದ ಹುಡುಗ ನಕ್ಕ. ಎಲ್ಲರೂ ನಕ್ಕರು, ಪ್ರೀತಿಯಿಂದಲೇ.

"ಇನ್ನೂ ಎರಡು ಇವೆ, ಯೋಚಿಸಿ," ಎಂದಳು ಯುವತಿ.

ಎರಡನೆಯದು ನನಗೆ ಗೊತ್ತಿತ್ತು. ಆ ದಿನ ನಾನು ಸಾಗುಪಟ್ಟಿಯ ಅಡಿಗೆ ಹೋಗಿ ನೋಡಿದ್ದೆ. ಬರೆಯಲು ಹಾಳೆಗೆ ಪೆನ್ನು ಊರಿದೆ. ಮತ್ತೆ ಎತ್ತಿಬಿಟ್ಟೆ. ಅದನ್ನು ಬರೆದರೆ ಆಫೀಸಿನ ಕಡತದಲ್ಲಿರುವುದು ಸುಳ್ಳಾಗುತ್ತದೆ. ಎರಡೂ ಕಡೆ ನನ್ನದೇ ಅಕ್ಷರ.

ಭಾನುವಾರ ಆರಾಧನೆಯಲ್ಲಿ ಎಲ್ಲರೂ ಸೇರಿ ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ ಬಂತು. ಹುಟ್ಟಿದಾಗಿನಿಂದ ಬಾಯಿಪಾಠ, ಮೊದಲು ಕನ್ನಡದಲ್ಲಿ, ಈಗ ಇಂಗ್ಲಿಷಿನಲ್ಲಿ. ನಾಲಿಗೆ ತಾನಾಗಿ ಹೊರಳುತ್ತದೆ. ಅಂದು ಮೊದಲ ವಾಕ್ಯಕ್ಕೇ ನಿಂತುಬಿಟ್ಟಿತು. ಸುಳ್ಳು ತಪ್ಪೊಪ್ಪಿಗೆ ಒಂದಕ್ಕೆ ಸಹಿ ಹಾಕಿ ಬಂದು ಇಲ್ಲಿ ನಿಂತಿದ್ದೇನೆ. ನಾನು ಇಷ್ಟು ವರ್ಷ ಹೀಗೆ ಮೊಣಕಾಲೂರಿ ಒಪ್ಪಿಕೊಂಡದ್ದರಲ್ಲಿ ಎಷ್ಟು ನಿಜವಾಗಿ ನನ್ನವು? ಎಲ್ಲವೂ ನನ್ನದು ಎಂದವನು ಯಾವುದನ್ನೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನನ್ನನ್ನು ನಾನು ಹುಳು ಎಂದುಕೊಂಡದ್ದು ದೇವರಿಗೆ ಸಂತೋಷ ಎಂದು ನನಗೆ ಹೇಳಿದವರು ಯಾರು? ನಾನು ಆತನ ಕೈಕೆಲಸವಾದರೆ, ಅದು ಸರಿಯಾಗಿ ಕೆಲಸ ಮಾಡಿದ ದಿನ ಮಾಡಲಿಲ್ಲ ಎಂದು ಬರೆದುಕೊಡುವುದು ಆತನ ಮೇಲೂ ಹೇಳಿದ ಸುಳ್ಳೇ. ಕನ್ನಡಿಯ ತರಗತಿಗೆ ನಾಲ್ಕು ಶನಿವಾರ ಹೋಗಿ ತಿಳಿಯದ್ದು ಅಲ್ಲಿ ಬಾಯಿ ಕಟ್ಟಿ ನಿಂತಾಗ ತಿಳಿಯಿತು. ಸಮಾಧಾನವಾಗಲಿಲ್ಲ. ಸಿಟ್ಟು ಬಂತು. ಐವತ್ತಾರು ವರ್ಷ ಬೇಕಾಯಿತೇ?

ಸೋಮವಾರ ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋಗಿ, ಮುಚ್ಚಿದ ಕಡತವನ್ನು ಮತ್ತೆ ತೆರೆಯಲು ಅರ್ಜಿ ಕೊಟ್ಟೆ. ಕಾರಣ ಎಂಬ ಕಡೆ 'ಮೊದಲ ವರದಿಯಲ್ಲಿ ಪರೀಕ್ಷಕನು ಕೊಟ್ಟ ಹೇಳಿಕೆ ನಿಜವಲ್ಲ' ಎಂದು ಬರೆದಿದ್ದೆ.

ಅವರು ಓದಿ ಬಾಗಿಲು ಹಾಕಿದರು.

"ಸರ್, ಇದು ಸೂಯಿಸೈಡ್ ನೋಟ್ ಇದ್ದಂಗಿದೆ. ಸುಳ್ಳು ರಿಪೋರ್ಟ್ ಕೊಟ್ಟೆ ಅಂತ ನೀವೇ ಬರ್ಕೊಡ್ತಿದೀರ."

"ಹೌದ್ರಿ."

"ನಿಮ್ಮ ವರ್ಕ್ ಪರ್ಮಿಟ್ ರಿನ್ಯೂವಲ್ ಈ ವರ್ಷಾನೇ ಇರೋದು. ಆ ಹೆಂಗಸಿಗೆ ಏನಾದ್ರೂ ಮಾಡೋಣ, ಎರಡು ತಿಂಗಳು ಬಿಟ್ಟು ಬೇರೆ ಲೈನಿಗೆ ವಾಪಸ್ ಹಾಕೋಣ. ಈ ಕಾಗದ ಬೇಡ."

"ಡಬ್ಬಿ ಲೈನಿನ್ಯಾಗ ಉಳಿದಿಲ್ಲಂದ್ರ, ಎಲ್ಲಿಂದ ಬಂದೂ ಅಂತ ನೋಡಬೇಕಲ್ರಿ. ಇನ್ನೂ ಬರಬಹುದು."

ಅವರು ಅರ್ಜಿಯನ್ನು ಮೇಜಿನ ಖಾನೆಯಲ್ಲಿಟ್ಟು, "ಮೂರು ದಿನ ಟೈಮ್ ಕೊಡ್ತೀನಿ. ಏನಾದ್ರೂ ಸಿಕ್ರೆ ಮುಂದಕ್ಕೆ ಕಳಿಸ್ತೀನಿ. ಇಲ್ದಿದ್ರೆ ಹರಿದು ಹಾಕ್ತೀನಿ, ನಿಮ್ಮ ಒಳ್ಳೇದಕ್ಕೇ," ಎಂದರು.

ಮಧ್ಯಾಹ್ನದ ಪೆಟ್ಟಿಗೆಯಲ್ಲಿ ಬೆಳಗಿನ ಡಬ್ಬಿ ಬರಲಾರದು. ಹಾಗಾದರೆ ಐದರ ಡಬ್ಬಿಗಳು ಹತ್ತರ ಡಬ್ಬಿಗಳ ಕಟ್ಟಿನೊಳಗೇ ಬಂದಿರಬೇಕು, ನಮಗೆ ಡಬ್ಬಿ ಅಚ್ಚು ಹಾಕಿ ಕಳಿಸುವ ಅಚ್ಚಿನ ಮನೆಯಿಂದಲೇ. ಮಡಚದ ಡಬ್ಬಿಗಳು ನೂರರ ಕಟ್ಟಿನಲ್ಲಿ, ಕಾಗದದ ಪಟ್ಟಿ ಸುತ್ತಿಕೊಂಡು ಬರುತ್ತವೆ. ಬಂದಾಗ ನಾವು ಕೆಲವು ಕಟ್ಟುಗಳ ಮೇಲಿನ ಒಂದೆರಡು ಡಬ್ಬಿಗಳನ್ನು ಮಾತ್ರ ನೋಡುತ್ತೇವೆ. ಕಟ್ಟಿನ ಹೊಟ್ಟೆಯನ್ನು ನೋಡುವುದಿಲ್ಲ. ಅದೇ ಸರಕಿನ ಕಟ್ಟುಗಳು ಗೋದಾಮಿನಲ್ಲಿ ಒಂದೂವರೆ ಪ್ಯಾಲೆಟ್ ಹಲಗೆಯಷ್ಟು ಉಳಿದಿದ್ದವು.

ನೋಡುವ ರೀತಿ ಹೀಗೆ. ಪ್ರತಿ ಡಬ್ಬಿಯ ಮಡಿಕೆಯ ತುದಿಯಲ್ಲಿ ಸಣ್ಣ ಕಪ್ಪು ಗೆರೆಗಳಿರುತ್ತವೆ. ಒಂದೇ ಜಾತಿಯ ನೂರು ಡಬ್ಬಿಗಳನ್ನು ಒತ್ತಿ ಹಿಡಿದರೆ ಆ ಗೆರೆಗಳು ಒಂದರ ಮೇಲೊಂದು ಕೂತು, ಕಟ್ಟಿನ ಪಕ್ಕದಲ್ಲಿ ನೇರವಾದ ಪಟ್ಟೆಗಳಾಗಿ ಕಾಣುತ್ತವೆ. ನಡುವೆ ಬೇರೆ ಡಬ್ಬಿ ಇದ್ದರೆ ಪಟ್ಟೆ ಅಲ್ಲಿ ತುಂಡಾಗುತ್ತದೆ. ಕೂದಲೆಳೆಯಷ್ಟು. ಪಟ್ಟಿ ಬಿಚ್ಚಿ, ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡಿ, ದೀಪಕ್ಕೆ ಓರೆಯಾಗಿ ಹಿಡಿಯಬೇಕು.

ಸೋಮವಾರ ಪೂರ್ತಿ ನೋಡಿದೆ. ಏನೂ ಇಲ್ಲ. ಮಂಗಳವಾರ ಮಧ್ಯಾಹ್ನದವರೆಗೂ ಏನೂ ಇಲ್ಲ. ಹೆಬ್ಬೆರಳಿನ ಚರ್ಮ ಕಾಗದಕ್ಕೆ ಸೀಳಿತು. ಗೋದಾಮಿನ ಗುಮಾಸ್ತ ಎರಡು ಸಲ ಬಂದು, "ಏನು ಹುಡುಕುತ್ತಿದ್ದೀ ಮ್ಜೇ, ಮಾತಾಡಿಕೊಂಡು ನಿಂತಿರಲೇ?" ಎಂದು ಕೇಳಿದ. ಬೇಡ, ನಿನ್ನ ಕೆಲಸ ನೋಡು ಎಂದು ಕಳಿಸಿದೆ. ನಾಲ್ಕು ಗಂಟೆಯ ಹೊತ್ತಿಗೆ ಒಂದು ಕಟ್ಟಿನ ನಡುವೆ ಪಟ್ಟೆ ತುಂಡಾಗಿತ್ತು. ಬೆರಳಿಟ್ಟು ಬಿಡಿಸಿದೆ. ಆರು ಡಬ್ಬಿಗಳು. ಐದು ಮಿಲಿಗ್ರಾಂ.

ಮ್ಯಾನೇಜರ್ ಹತ್ತಿರ ಓಡಿದೆ. ಅವರು ಡಬ್ಬಿಗಳನ್ನು ತಿರುಗಿಸಿ ನೋಡಿ ಕೇಳಿದ ಮೊದಲ ಮಾತು, "ಪಟ್ಟಿ ಬಿಚ್ಚುವಾಗ ಪಕ್ಕದಲ್ಲಿ ಯಾರಿದ್ರು?"

ಯಾರೂ ಇರಲಿಲ್ಲ.

"ಹಾಗಾದ್ರೆ ಅಚ್ಚಿನ ಮನೆಯವರು ಏನಂತಾರೆ? ಆ ಪರೀಕ್ಷಕ ಆಗಲೇ ಒಂದು ಸುಳ್ಳು ವರದಿ ಬರೆದಿದಾನೆ, ಈಗ ಡಬ್ಬಿ ಇವನೇ ತುರುಕಿದಾನೆ ಅಂತಾರೆ. ನಾನಾದ್ರೂ ಹಂಗೇ ಅಂತಿದ್ದೆ."

ಸಾಕ್ಷಿಯಿಲ್ಲದೆ ಬಿಚ್ಚಬಾರದು ಎನ್ನುವುದು ನಾನೇ ಹೊಸಬರಿಗೆ ಕಲಿಸುವ ಪಾಠ. ಗುಮಾಸ್ತ ತಾನಾಗಿ ಬಂದು ಕೇಳಿದ್ದ. ನನ್ನ ಸಲುವಾಗಿ ಇನ್ನೊಬ್ಬನಿಗೆ ಯಾಕೆ ತೊಂದರೆ ಎಂದು ಕಳಿಸಿದ್ದೆ. ಮತ್ತೆ ಅದೇ ಚಾಳಿ. ಯಾರಿಗೂ ಭಾರವಾಗಬಾರದೆಂದು ಬದುಕುವವನು ಎಲ್ಲರ ಮೇಲೂ ಬೀಳುತ್ತಾನೆ.

ಅದೇ ಸಂಜೆ ಎರಡನೆಯ ದೂರು ಬಂತು. ಅದೇ ಬ್ಯಾಚು. ಈ ಸಲ ಒಬ್ಬ ನಿವೃತ್ತ ಡ್ರೈವರ್, ಬಚ್ಚಲಿನಲ್ಲಿ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಬಿದ್ದ ದಿನ ನೋಡಿದೆ. ನನ್ನ ಮೊದಲ ವರದಿಗೆ ಸಹಿ ಬಿದ್ದ ನಾಲ್ಕು ದಿನಗಳ ಮೇಲೆ. ನಾನು ಅಂದು ಪೆಟ್ಟಿಗೆಯ ಸಂಖ್ಯೆಯ ಸುತ್ತ ಎಳೆದ ಗೆರೆಯನ್ನು ಅಳಿಸದೆ ಬಿಟ್ಟಿದ್ದರೆ, ಮೂರನೆಯ ದಿನಕ್ಕೆಲ್ಲ ಆ ಬ್ಯಾಚನ್ನು ಅಂಗಡಿಗಳಿಂದ ವಾಪಸು ತರಿಸಬಹುದಿತ್ತು. ಲೈನಿನಲ್ಲಿ ಉಳಿದ ನಾಲ್ಕಾರು ಡಬ್ಬಿ ಎಂದು ಬರೆದದ್ದರಿಂದ ಯಾರೂ ತರಿಸಲಿಲ್ಲ. ನನ್ನ ವಿನಯ ನಾಲ್ಕು ದಿನ ಅಂಗಡಿಗಳ ಕಪಾಟಿನಲ್ಲಿ ಕೂತಿತ್ತು.

ಬುಧವಾರ ಗೋದಾಮಿನಲ್ಲಿ ಹದಿನೇಳು ಕಟ್ಟು ಮಾತ್ರ ಉಳಿದಿದ್ದವು. ಈ ಸಲ ಸಾಕ್ಷಿಗಳನ್ನು ಕೇಳಿ ಕೇಳಿ ಕರೆದೆ. ಗುಮಾಸ್ತ, ಮ್ಯಾನೇಜರ್, ಅಚ್ಚಿನ ಮನೆಯಿಂದ ಒಬ್ಬರು. ಮಾಮಾ ಕೂಡ ಇರಬೇಕು ಎಂದೆ. ಅಮಾನತಾದವರು ಒಳಗೆ ಬರುವಂತಿಲ್ಲ ಎಂದರು. "ಪತ್ರದಾಗ ಆಕೀ ಹೆಸರೈತಿ. ಆಕೀ ಇಲ್ಲದ ನಾನು ಬಿಚ್ಚೂದಿಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. ಸಂದರ್ಶಕರ ಚೀಟಿ ಕೊರಳಿಗೆ ಹಾಕಿಕೊಂಡು ಅವಳು ಬಂದು ನಿಂತಳು. ನನ್ನನ್ನು ನೋಡಲಿಲ್ಲ.

ಪ್ರತಿ ಕಟ್ಟಿನ ಫೋಟೋ ತೆಗೆದು, ಪಟ್ಟಿ ಹಾಗೇ ಇದೆ ಎಂದು ಎಲ್ಲರಿಗೂ ತೋರಿಸಿ, ಆಮೇಲೆ ಬಿಚ್ಚಿದೆ. ಒಂದು, ಎರಡು, ಏಳು, ಹತ್ತು. ಅಚ್ಚಿನ ಮನೆಯವನು ಗಡಿಯಾರ ನೋಡಿದ. ಹದಿಮೂರನೆಯ ಕಟ್ಟನ್ನು ದೀಪಕ್ಕೆ ಹಿಡಿದಾಗ ನನಗಿಂತ ಮೊದಲು ಮಾಮಾ ಬೆರಳು ತೋರಿಸಿದಳು. "ಅಲ್ಲಿ." ನಾಲ್ಕು ಡಬ್ಬಿ. ಅಚ್ಚಿನ ಮನೆಯವನು ಅವನ್ನು ತಿರುಗಿಸಿ ನೋಡಿ, ಎರಡೂ ಜಾತಿಯ ಡಬ್ಬಿಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಆಮೇಲೆ ಕತ್ತರಿಸಿದ್ದೆವು ಎಂದು ಒಪ್ಪಿಕೊಂಡ. ಬ್ಯಾಚನ್ನು ವಾಪಸು ಕರೆಯುವ ಪತ್ರಗಳು ಅಂದೇ ಹೋದವು.

ಶುಕ್ರವಾರ ಮಾಲೀಕರು ಲೊರೆಶೋದ ಮನೆಯಿಂದ ಬಂದು ವಿಚಾರಣೆ ನಡೆಸಿದರು. ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಡಬ್ಬಿ ಅಚ್ಚಿನ ಮನೆಯಿಂದ ಬಂದದ್ದು ಸರಿ, ಆದರೂ ಆ ದಿನ ಲೈನ್ ಖಾಲಿಯಾಗಿತ್ತು ಎಂಬುದಕ್ಕೆ ಏನು ಆಧಾರ ಎಂದು ಕೇಳಿದರು.

"ನಾನು ನೋಡಿದ್ದೇನೆ," ಎಂದೆ.

"ನಿಮ್ಮ ಪರಿಸ್ಥಿತಿ ನಮಗೆ ಗೊತ್ತಿದೆ. ಹೆಂಡತಿ ತೀರಿಕೊಂಡು ಮೂರು ವಾರ ಕೂಡ ಆಗಿರಲಿಲ್ಲ. ಅಂಥ ದಿನದ ನೆನಪನ್ನು ನಂಬಬಹುದೇ?"

ಮ್ಯಾನೇಜರ್ ನನ್ನ ಕಡೆ ನೋಡಿದರು. ಅವರು ತೆರೆದಿಟ್ಟ ಬಾಗಿಲು ಅದು. ಹೌದು, ನಂಬಲಾಗದು ಎಂದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು.

"ಹೆಂಡತಿ ಸತ್ತಿದ್ದಳು," ಎಂದೆ. "ನನ್ನ ಕಣ್ಣು ಹೋಗಿರಲಿಲ್ಲ. ಈ ಹೆಂಗಸು ಲೈನನ್ನು ಸರಿಯಾಗಿ ಖಾಲಿ ಮಾಡಿದ್ದಳು. ನಾನು ಸರಿಯಾಗಿ ನೋಡಿದ್ದೆ. ಆ ದಿನ ನಾವಿಬ್ಬರೂ ನಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ್ದೆವು."

ನನ್ನ ಬಗ್ಗೆ ಒಂದು ಒಳ್ಳೆಯ ಮಾತನ್ನು ನಾಲ್ಕು ಜನರ ಮುಂದೆ ಹೇಳಿದ್ದು ಅದೇ ಮೊದಲು. ನಾಲಿಗೆ ಸುಡಲಿಲ್ಲ. ಛಾವಣಿ ಬೀಳಲಿಲ್ಲ. ಗೆದ್ದ ಹಾಗೂ ಅನಿಸಲಿಲ್ಲ.

ಮಾಮಾಗೆ ಕೊಟ್ಟ ಪತ್ರದಲ್ಲಿ ಮೊದಲು 'ಸಹಾನುಭೂತಿಯ ಮೇಲೆ ಮರಳಿ ಸೇರಿಸಿಕೊಳ್ಳಲಾಗಿದೆ' ಎಂದಿತ್ತು. ಅವಳು ಓದಿ ಮೇಜಿನ ಮೇಲಿಟ್ಟು, "ಸಹಾನುಭೂತಿ ನನಗೆ ಚರ್ಚಿನಲ್ಲಿ ಸಿಗುತ್ತದೆ. ಇಲ್ಲಿ ನಾನು ಲೈನ್ ಸ್ವಚ್ಛ ಮಾಡಿದ್ದೆ ಅಂತ ಬರೆಯಿರಿ," ಎಂದಳು. ಬರೆದರು. ನನಗೂ ಒಂದು ಪತ್ರ ಬಂತು, ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ಎಚ್ಚರಿಕೆ. ಪರ್ಮಿಟ್ ಮುಗಿದ ಮೇಲೆ ಒಪ್ಪಂದ ಮುಂದುವರಿಸುವುದಿಲ್ಲ ಎಂದೂ ಅದರಲ್ಲಿತ್ತು. ಪ್ರತಿ ಅಕ್ಷರ ಓದಿದೆ. ಎಲ್ಲವೂ ನಿಜವಿತ್ತು. ಸಹಿ ಹಾಕಿದೆ.

ಅವಳು ಮರಳಿ ಬಂದ ಮೊದಲ ದಿನ, ಹತ್ತು ಗಂಟೆಯ ಚಹಾ ಹೊತ್ತಿನಲ್ಲಿ, ಗೇಟಿನ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತಳು. ಕೈಯಲ್ಲಿ ಎರಡು ಲೋಟ.

"ದೊಡ್ಡವರ ಮುಂದೆ ನಿನ್ನನ್ನು ನೀನೇ ಹೊಗಳಿಕೊಂಡೆಯಲ್ಲ. ಜ್ವರ ಇತ್ತಾ?"

"ಇರಲಿಲ್ಲ."

"ಒಳ್ಳೆಯದು. ಈಗ ನಿನ್ನದು ಯಾವುದು ಹೇಳು. ನಿಜವಾಗಿ ನಿನ್ನದು."

ಅವಳು ಲಘುವಾಗಿಯೇ ಕೇಳಿರಬೇಕು. ನಾನು ಡ್ರೈವರನ ಸೊಂಟ ಎಂದೆ. ಅದು ನಿನ್ನದು ಎಂದಳು. ಆಮೇಲೆ ನನಗೆ ಮಾತು ನಿಲ್ಲಿಸಲಾಗಲಿಲ್ಲ.

ಸ್ಕ್ಯಾನಿಗೆ ಎಂಟು ತಿಂಗಳ ಮೊದಲೇ ನನ್ನ ಹೆಂಡತಿಗೆ ಹೊಟ್ಟೆ ನೋಯಲು ಶುರುವಾಗಿತ್ತು. ಒಂದು ದಿನ ಅನ್ನ ಬಸಿಯುತ್ತ ಹಾಗೇ ಕಟ್ಟೆ ಹಿಡಿದು ನಿಂತಳು. ಏನಾಯಿತು ಎಂದೆ. "ಏನಿಲ್ರೀ, ನಂದೇನು ದೊಡ್ಡದು," ಎಂದಳು. ಅವಳೂ ಅದೇ ಕಂಪೌಂಡಿನವಳು. ಡಾಕ್ಟರ ಹತ್ತಿರ ಹೋಗೋಣ ಎಂದು ನಾ ಹೇಳಲಿಲ್ಲ. ಅವಳ ತಾಳ್ಮೆ ನೋಡಿ ನನಗೆ ಹೆಮ್ಮೆಯಾಯಿತು. ಮುಂದಿನ ವಾರ ಚರ್ಚಿನ ನಾಲ್ಕು ಮನೆಯವರು ಊಟಕ್ಕೆ ಬಂದಾಗ, ಅವಳ ಎದುರಿಗೇ ಹೇಳಿದೆ. ನನ್ನ ಹೆಂಡತಿ ಎಂಥ ನೋವಿದ್ದರೂ ಬಾಯಿ ಬಿಡುವವಳಲ್ಲ, ಅದು ಅವಳ ಭಕ್ತಿ ಎಂದೆ. ಎಲ್ಲರೂ ಅವಳ ಕಡೆ ನೋಡಿ ತಲೆದೂಗಿದರು. ಅವಳು ನಾಚಿಕೊಂಡು ನಕ್ಕಳು. ಅಷ್ಟು ಹೊಗಳಿಸಿಕೊಂಡ ಮೇಲೆ ಅವಳು ನೋಯುತ್ತದೆ ಎಂದು ಹೇಗೆ ಹೇಳಿಯಾಳು? ಎಂಟು ತಿಂಗಳು ಹೇಳಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪಾದ್ರಿಯವರಿಗೂ ಇಲ್ಲ. ನನಗೂ ಇಷ್ಟು ಬಿಡಿಸಿ ಹೇಳಿಕೊಂಡಿರಲಿಲ್ಲ. ಎಲ್ಲ ನನ್ನದೇ ತಪ್ಪು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಆ ದೊಡ್ಡ ಮಾತಿನ ಹಿಂದೆ ಈ ಒಂದು ಊಟದ ಮೇಜು ಮರೆಯಾಗಿ ಕೂತಿತ್ತು.

ಮಾಮಾ ಪೋಲೆ ಎನ್ನಲಿಲ್ಲ. ಅಯ್ಯೋ ಪಾಪ ಎನ್ನುವುದಕ್ಕೆ ಇಲ್ಲಿಯ ಮಾತು ಅದು. ತಿಂಗಳುಗಳಿಂದ ಎಲ್ಲರೂ ಅದನ್ನೇ ಹೇಳಿದ್ದರು. ಗಡ್ಡೆ ನೀನು ತಂದದ್ದಲ್ಲ, ಅಂದಳು. ಅದು ನಿನ್ನದಲ್ಲ, ಅದನ್ನು ಕೆಳಗಿಡು. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಆ ಊಟದ ದಿನ ನಿನ್ನದು, ಮ್ಜೇ," ಎಂದಳು. "ಅದನ್ನು ತಗೊಂಡು ಹೋಗು ದೇವರ ಹತ್ತಿರ. ಬೇರೆ ಯಾವುದನ್ನೂ ಜೊತೆಗೆ ಸೇರಿಸಬೇಡ."

ಹೆಂಡತಿಯನ್ನು ಮಣ್ಣು ಮಾಡಿದಾಗಲೂ ನಾನು ಅತ್ತಿರಲಿಲ್ಲ. ಅಂದು ಕಾರ್ಖಾನೆಯ ಗೇಟಿನ ಹೊರಗೆ, ಲಾರಿಗಳು ಹೋಗಿ ಬರುವ ಜಾಗದಲ್ಲಿ, ಅತ್ತೆ. ಮಾಮಾ ನನ್ನನ್ನು ಸುಮ್ಮನಿರಿಸಲಿಲ್ಲ. ಗಂಟೆ ಹೊಡೆಯಿತು. ಹುಡುಗಿಯರು ಒಳಗೆ ಹೋದರು. ನಾವು ಕೂತೇ ಇದ್ದೆವು.

ಲೈನು ಹದಿನೈದು ನಿಮಿಷ ತಡವಾಗಿ ಶುರುವಾಯಿತು. ತಡವಾದರೆ ಕಾರಣ ಬರೆಯುವ ಪುಸ್ತಕವೊಂದಿದೆ. ಅದರಲ್ಲಿ ನನ್ನ ಹೆಸರು ಬರೆದು, ಪಕ್ಕದಲ್ಲಿ 'ಹೊರಗೆ ಕೂತಿದ್ದ' ಎಂದು ಬರೆದೆ. ಮಾಮಾ ಓದಿ ನೋಡಿ, ಸರಿಯಿದೆ ಎಂದು ಅದರ ಕೆಳಗೆ ತಾನೂ ಸಹಿ ಹಾಕಿದಳು.